ಕಲ್ಚರ್ ಮಾಡಿದ ಮುತ್ತು

ಮಗಳಿಗೆ ಜ್ವರ ಬಂದಾಗ ಡಾಕ್ಟರು 'ಯೂರಿನ್ ಕಲ್ಚರ್' ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು. ಅದನ್ನು ಓದಿ ಅವಳು ಕೇಳಿದಳು: "ಪಪ್ಪಾ, ಯೂರಿನ್‌ಗೂ ಕಲ್ಚರ್ ಇರುತ್ತಾ?" ಅವಳಿಗೆ ಕಲ್ಚರ್ ಅಂದ್ರೆ ನವೆಂಬರ್‌ನ ರಾಜ್ಯೋತ್ಸವ, ಜರಿ ಲಂಗ, ಕೋಲಾಟ. ನಗು ಬಂತು. ಆದರೆ ದುಬೈಯಲ್ಲಿ ಕೂತು ಈ ಪದದ ಬೆನ್ನು ಹತ್ತಿದರೆ, ನಾವು ಇಲ್ಲಿಗೆ ಬಂದ ಕಥೆಯದ್ದೂ ಒಂದು ಎಳೆ ಸಿಗುತ್ತೆ.

ಲ್ಯಾಟಿನ್‌ನಲ್ಲಿ ಇದರ ಮೂಲಾರ್ಥ ಉಳುವುದು, ಬೆಳೆಸುವುದು. ಅಗ್ರಿಕಲ್ಚರ್‌ನಲ್ಲಿ ಅದು ಇನ್ನೂ ಹಾಗೇ ಇದೆ. ಲ್ಯಾಬಿನವರು ಬ್ಯಾಕ್ಟೀರಿಯಾ ಬೆಳೆಸಿ ನೋಡ್ತಾರೆ. ಮೊಸರಿನ ಡಬ್ಬಿಯ ಮೇಲಿನ ಕಲ್ಚರ್ ನಮ್ಮ ಅಜ್ಜಿಯ ಹೆಪ್ಪು, ಅಷ್ಟೇ. ಖರ್ಜೂರದ ಸಸಿಗಳನ್ನು ಈಗ ಟಿಶ್ಯೂ ಕಲ್ಚರ್, ಅಂದರೆ ಅಂಗಾಂಶ ಕೃಷಿಯಿಂದ ಬೆಳೆಸುತ್ತಾರೆ. ಬಂಗಾಳಿಯಲ್ಲಿ ಕಲ್ಚರ್‌ಗೆ 'ಕೃಷ್ಟಿ' ಅನ್ನುತ್ತಿದ್ದರು. ಹೊಲದ ವಾಸನೆಯ ಆ ಪದ ಟಾಗೋರರಿಗೆ ಹಿಡಿಸದೆ 'ಸಂಸ್ಕೃತಿ'ಯನ್ನು ಮೆಚ್ಚಿಕೊಂಡರು. ನಮಗೆ ಅಂಥ ಮುಜುಗರ ಇಲ್ಲ, 'ಸಾಹಿತ್ಯ ಕೃಷಿ' ಅಂತ ಹೆಮ್ಮೆಯಿಂದಲೇ ಹೇಳ್ತೇವೆ.

ಆದರೆ ಈ ಕಡಲ ದಂಡೆಯಲ್ಲಿ ಕಲ್ಚರ್ ಅನ್ನೋ ಪದಕ್ಕೆ ಒಂದು ಕಹಿ ಅರ್ಥವೂ ಇದೆ.

ಎಣ್ಣೆಗೆ ಮುಂಚೆ ದುಬೈ, ಅಬುಧಾಬಿಗಳ ಬದುಕು ನಿಂತಿದ್ದು ಮುತ್ತಿನ ಮೇಲೆ. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ದೋಣಿಯಲ್ಲೇ ಇರುತ್ತಿದ್ದರು. ಮೂಗಿಗೆ ಕ್ಲಿಪ್, ಕಾಲಿಗೆ ಕಲ್ಲು, ಕೊರಳಲ್ಲಿ ಬುಟ್ಟಿ. ಮುಳುಗಿದವನು ಹಗ್ಗ ಜಗ್ಗಿದರೆ ಮೇಲಿದ್ದವನು ಎಳೆಯಬೇಕು; ಆ ಎಳೆಯುವವನ ಗಮನ ತಪ್ಪಿದರೆ ಮುಗೀತು. ದಿನಕ್ಕೆ ಹತ್ತಾರು ಸಲ ಇದೇ ಕೆಲಸ. ಮುಂಗಡ ಪಡೆದು ಹೊರಟವನು ಎಷ್ಟೋ ಸಲ ಸಾಲಗಾರನಾಗಿಯೇ ಮರಳುತ್ತಿದ್ದ, ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. ಮುತ್ತುಗಳ ದೊಡ್ಡ ಸಂತೆ ಬಾಂಬೆ. ಇಲ್ಲಿ ಚಲಾವಣೆಯಲ್ಲಿದ್ದದ್ದೂ ರೂಪಾಯಿಯೇ, 1966ರವರೆಗೂ.

1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಸಿಂಪಿಯೊಳಗೆ ಅರೆಗೋಲದ ಮುತ್ತನ್ನು ಬೆಳೆಸಿದರು. ಮುಂದೆ ಪೂರ್ತಿ ದುಂಡನೆಯದನ್ನು ಬೆಳೆಸುವ ವಿಧಾನವೂ ಬಂತು: ಸಿಂಪಿಯನ್ನು ಚೂರೇ ತೆರೆದು, ಒಂದು ಮಣಿಯನ್ನೂ ಇನ್ನೊಂದು ಸಿಂಪಿಯ ಅಂಗಾಂಶದ ಚೂರನ್ನೂ ಒಳಗಿಟ್ಟು, ಮತ್ತೆ ಸಮುದ್ರಕ್ಕೆ ಬಿಡುವುದು. ಅದರ ಸುತ್ತ ಪದರ ಕಟ್ಟಿದ್ದು ನಿಜವಾದ ಮುತ್ತೇ, ಗಾಜಲ್ಲ. ಎಕ್ಸ್‌ರೇ ಹಿಡಿಯದೆ ವ್ಯತ್ಯಾಸ ಹೇಳುವುದು ಕಷ್ಟ. 1920ರ ದಶಕದಲ್ಲಿ ಇವು ಮಾರುಕಟ್ಟೆ ತುಂಬಿದವು. ಇದೊಂದೇ ಕಾರಣ ಅನ್ನೋದು ತಪ್ಪಾಗುತ್ತೆ. 1929ರ ಆರ್ಥಿಕ ಕುಸಿತದಲ್ಲಿ ಮುತ್ತು ಕೊಳ್ಳುವ ಶ್ರೀಮಂತರೂ ಕಮ್ಮಿಯಾದರು. ಎರಡು ಪೆಟ್ಟು ಒಟ್ಟಿಗೆ ಬಿದ್ದವು. 1930ರ ದಶಕದಲ್ಲಿ ದೋಣಿಗಳು ದಡ ಸೇರತೊಡಗಿದವು, ಮನೆಗಳಲ್ಲಿ ಹಸಿವು ಸೇರಿತು.

1962ರಲ್ಲಿ ಅಬುಧಾಬಿಯ ಎಣ್ಣೆ ಮೊದಲ ಸಲ ಹಡಗು ಹತ್ತಿತು, 1966ರಲ್ಲಿ ದುಬೈಗೂ ಎಣ್ಣೆ ಸಿಕ್ಕಿತು. ಕರಾವಳಿಯ ನಮ್ಮವರು ಬ್ಯಾಗು ಹಿಡಿದು ಬಂದದ್ದು ಆ ಎಣ್ಣೆ ದುಡ್ಡು ಕಟ್ಟಿಸಿದ ಊರಿಗೆ. ತಮಾಷೆ ನೋಡಿ, ಕಚ್ಚಾ ಎಣ್ಣೆಯನ್ನು ಶುದ್ಧ ಮಾಡುವುದಕ್ಕೆ ಕನ್ನಡದಲ್ಲಿ 'ಸಂಸ್ಕರಣೆ' ಅನ್ನುತ್ತೇವೆ. ಸಂಸ್ಕೃತಿಯ ಬೇರೂ ಅದೇ. ಅಂದ್ರೆ ಕಲ್ಚರ್‌ನಿಂದ ಕೆಟ್ಟ ಊರು ಸಂಸ್ಕರಣೆಯಿಂದ ಎದ್ದಿತು ಅನ್ನಬಹುದು. ನಾವು ಬಂದು ಸಂಘ ಕಟ್ಟಿ, ಹಾಲ್ ಬುಕ್ ಮಾಡಿ, ಮತ್ತೆ ಅಲ್ಲಿ 'ಕಲ್ಚರಲ್ ಪ್ರೋಗ್ರಾಂ' ಇಟ್ಟೆವು.

ಅಬುಧಾಬಿಯ ಮರಾವಾ ದ್ವೀಪದಲ್ಲಿ 2017ರಲ್ಲಿ ಸುಮಾರು 8000 ವರ್ಷ ಹಳೆಯ ಮುತ್ತೊಂದು ಸಿಕ್ಕಿತು. ಅದನ್ನು ಯಾರೂ ಕಲ್ಚರ್ ಮಾಡಿದ್ದಲ್ಲ. ಲೂವ್ರ್ ಅಬುಧಾಬಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟ ಮೇಲೆ ಅದೂ ಕಲ್ಚರ್ ಆಯಿತು. ಇತ್ತ ರಾಸ್ ಅಲ್ ಖೈಮಾದ ಅಲ್ ರಾಮ್ಸ್‌ನಲ್ಲಿ ಅಬ್ದುಲ್ಲಾ ಅಲ್ ಸುವೈದಿ ಸಿಂಪಿ ಸಾಕಿ ಮುತ್ತು ಬೆಳೆಸುತ್ತಾರೆ. ಅವರ ಅಜ್ಜ ಮುತ್ತಿಗಾಗಿ ಸಮುದ್ರಕ್ಕೆ ಮುಳುಗುತ್ತಿದ್ದವರು. ಅಜ್ಜನ ಕಾಲದ ಕಸುಬನ್ನು ಮುಳುಗಿಸಿದ ವಿದ್ಯೆಯನ್ನೇ ಮೊಮ್ಮಗ ಕಲಿತರು.

ಮಗಳ ರಿಪೋರ್ಟ್ ಬಂತು, ಏನೂ ಬೆಳೆದಿರಲಿಲ್ಲ. ಬಿಸಿಲು ತಗ್ಗಿದ ಮೇಲೆ ಅಲ್ ರಾಮ್ಸ್‌ಗೆ ಹೋಗಿ ಸಿಂಪಿ ನೋಡಿ ಬರುವ ಅಂತ ಮಾತಾಗಿದೆ.