ಓಟ ನಿಂತ ವರ್ಷವೂ ಹುರುಳಿ ಬೇಯುತ್ತಿತ್ತು

2016-17ರ ಋತುವಿನಲ್ಲಿ ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕಂಬಳದ ಕೋಣ ಓಡಲಿಲ್ಲ. ಮಾಣಿ ಕಡೆಯಿಂದ ಕೋಣ ಹೊತ್ತು ಬರುವ ಲಾರಿಯೂ ವಿಟ್ಲ ಕಡೆಯಿಂದ ಬರುವ ಲಾರಿಯೂ ಕೂಡುವುದು ಕಬಕದಲ್ಲಿ. ಕಂಬಳದ ಶನಿವಾರ ಬೆಳಗ್ಗೆ ಅಲ್ಲಿ ನಿಂತರೆ ಯಾವ ಮನೆಯ ಕೋಣ ಬಂತು, ಯಾವುದು ಇನ್ನೂ ಬರಬೇಕು ಎಂದು ಅಂಗಡಿಯವರೇ ಲೆಕ್ಕ ಹೇಳುತ್ತಾರೆ. ಆ ಸಲ ಎಣಿಸಲು ಲಾರಿಗಳಿರಲಿಲ್ಲ. 2016ರ ನವೆಂಬರ್ 22ರಂದು ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ಮಧ್ಯಂತರ ತಡೆ ನೀಡಿತ್ತು. ಮೂಡುಬಿದಿರೆ, ಮಿಯ್ಯಾರು, ಉಪ್ಪಿನಂಗಡಿ, ವೇಣೂರು, ಐಕಳ, ಎಲ್ಲ ಕಡೆ ಅದೇ ಕಥೆ.

ಸ್ಮರಣ ಸಂಚಿಕೆಯಲ್ಲಿ ಸಾಮಾನ್ಯವಾಗಿ ಗೆದ್ದವರ ಪಟ್ಟಿ ಇರುತ್ತದೆ, ಅದು ಬೇರೆ ಪುಟಗಳಲ್ಲಿ ಇದ್ದೇ ಇದೆ. ನಾನು ಬರೆಯಬೇಕೆಂದುಕೊಂಡದ್ದು ಓಡದ ವರ್ಷದ ಬಗ್ಗೆ. ನಮ್ಮ ಕಂಬಳ ನಿಂತು ಮತ್ತೆ ಶುರುವಾದದ್ದನ್ನು ಬೆಂಗಳೂರಿನ, ದೆಹಲಿಯ ಕಥೆಯಾಗಿ ಹೇಳುವ ಅಭ್ಯಾಸ ಬೆಳೆದುಬಿಟ್ಟಿದೆ. ಅದರ ಅರ್ಧಕ್ಕಿಂತ ಹೆಚ್ಚು ನಡೆದದ್ದು ಇಲ್ಲಿನ ಹಟ್ಟಿಗಳಲ್ಲಿ.

ಮೊದಲು ಹಳೆಯ ಮಾತು. ಪುತ್ತೂರಿನ ಕರೆಗಳಿಗೆ, ಅಂದರೆ ಓಟದ ಹಾದಿಗಳಿಗೆ, ಕೋಟಿ, ಚೆನ್ನಯ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಪಡುಮಲೆ, ಪಂಜ, ಎಣ್ಮೂರು ಎಲ್ಲವೂ ಈಗಿನ ಪುತ್ತೂರು, ಸುಳ್ಯ, ಕಡಬ ಸೀಮೆಯೊಳಗಿನವು. ಅವಳಿ ವೀರರ ಹುಟ್ಟು, ವಲಸೆ, ಸಾವು ಎಲ್ಲ ಈ ಸುತ್ತಿನಲ್ಲೇ ಮುಗಿಯುತ್ತದೆ. ಅವರ ಕಥೆ ಹೇಳುವ ತುಳು ಪಾಡ್ದನದಲ್ಲಿ ಅವರಿಗೂ ಮಂತ್ರಿ ಬುದ್ಯಂತನಿಗೂ ಜಗಳ ಹತ್ತುವುದೇ ಕಂಬಳದ ಗದ್ದೆಯಲ್ಲಿ, ಗದ್ದೆಗೆ ಹರಿಯುವ ನೀರಿನ ವಿಷಯದಲ್ಲಿ. ನಮ್ಮ ಸೀಮೆಯ ದೊಡ್ಡ ಕಥೆಯೊಂದು ಕಂಬಳದ ಕೆಸರಿನಿಂದಲೇ ಎದ್ದಿದೆ ಎಂದರೆ ತಪ್ಪಾಗದು.

ಆದರೆ ಆ ಕಾಲದ ಕಂಬಳವೇ ಈಗಿನ ಜೋಡುಕರೆ ಎಂದು ಮೈಕಿನಲ್ಲಿ ಹೇಳುವವರನ್ನು ನಾನು ಒಪ್ಪುವುದಿಲ್ಲ. ಹಿಂದೆ ಇದ್ದದ್ದು ಬೀಡು, ಗುತ್ತು ಮನೆತನಗಳ ಕಂಬಳ, ಅರಸು ಕಂಬಳ, ಪೂಕರೆ ಕಂಬಳ. ಏಣೆಲು ಕೊಯ್ಲು ಮುಗಿದು ಮುಂದಿನ ಬೇಸಾಯಕ್ಕೆ ಗದ್ದೆ ಹದ ಮಾಡುವ ಹೊತ್ತಿಗೆ ದೈವ-ದೇವರ ಹೆಸರಿನಲ್ಲಿ ಕೋಣ ಇಳಿಸುತ್ತಿದ್ದರು. ಓಟಕ್ಕಿಂತ ಕಟ್ಟಳೆ ದೊಡ್ಡದು. ಆ ಕಟ್ಟಳೆಯ ಒಳಗೆ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದೂ ಇತ್ತು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಮಂಜಿನಲ್ಲಿ ಗದ್ದೆಯ ಬಳಿ ಕೂರಿಸುವ ‘ಪನಿಕುಲ್ಲುನಿ’, ಕೋಣಕ್ಕಿಂತ ಮೊದಲು ಅವರನ್ನು ಕರೆಯಲ್ಲಿ ಓಡಿಸುವುದು, ಇವೆಲ್ಲ ಸಂಪ್ರದಾಯ ಎಂಬ ಹೆಸರಿನಲ್ಲೇ ನಡೆದವು. ಇಂಥ ಆಚರಣೆಗಳನ್ನು ತಡೆಯುವ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಕಂಬಳದಿಂದ ಕಾನೂನು ಏನನ್ನಾದರೂ ಕಿತ್ತುಹಾಕಿದ್ದು 2016ರಲ್ಲೇ ಮೊದಲಲ್ಲ, ಮತ್ತು ಕಿತ್ತುಹಾಕಿದ್ದೆಲ್ಲ ಮರಳಿ ಬರಬೇಕಾದದ್ದೂ ಅಲ್ಲ.

ಕಂಬಳ ನಿಂತದ್ದು ಒಂದೇ ಸಲವೂ ಅಲ್ಲ. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗದ್ದೆ ಉಳುವವನ ಕೈಗೆ ಬಂತು, ಅದು ಬರಲೇಬೇಕಿತ್ತು. ಬೀಡಿನ ಗದ್ದೆ ಹಂಚಿಹೋದಾಗ ಬೀಡಿನ ಕಂಬಳವೂ ಹಲವೆಡೆ ಅದರೊಂದಿಗೆ ಹೋಯಿತು. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು, ಅಡಿಕೆಗೆ ನೆಚ್ಚಬಹುದಾದ ಮಾರುಕಟ್ಟೆ ಸಿಕ್ಕಿತು. ಪುತ್ತೂರು, ಸುಳ್ಯದ ಬೈಲುಗಳಲ್ಲಿ ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟವರು ನಾವೇ. ಉಳಿದ ಗದ್ದೆಗೆ ಟಿಲ್ಲರ್ ಬಂತು. ಹೀಗೆ ಸದ್ದಿಲ್ಲದೆ ನಿಂತ ಸಣ್ಣ ಕಂಬಳಗಳಿಗಾಗಿ ಯಾರೂ ಮೆರವಣಿಗೆ ಹೋಗಲಿಲ್ಲ. ಕೋರ್ಟು ನಿಲ್ಲಿಸಿದ್ದು ಒಂದು ಋತು. ಅಡಿಕೆ ಮತ್ತು ಟಿಲ್ಲರ್ ನಿಲ್ಲಿಸಿದ್ದು ಇನ್ನೂ ನಿಂತೇ ಇದೆ.

ಆ ಖಾಲಿ ಜಾಗದಲ್ಲಿ ಬೆಳೆದದ್ದು ಜೋಡುಕರೆ. ಅಕ್ಕಪಕ್ಕ ಎರಡು ಕರೆ, ಸಮಿತಿ, ಚಂದಾ, ವಿಭಾಗಗಳು, ತೀರ್ಪುಗಾರರು, ಪವನ್ ಲೆಕ್ಕದ ಚಿನ್ನ. ಮನೆತನದ ಕೈಯಲ್ಲಿದ್ದದ್ದು ಊರಿನ ಕೈಗೆ ಬಂತು. ಪುತ್ತೂರಿನದ್ದು 1990ರ ದಶಕದಲ್ಲಿ ಈ ಸಾಲಿಗೆ ಸೇರಿತು. ನೋಡಿ ಬೆಳೆದವರಿಗೆ ವಿವರಿಸಬೇಕಿಲ್ಲ, ಆದರೆ ಸಂಚಿಕೆ ಹೊರಊರಿಗೂ ಹೋಗುತ್ತದೆ. ಹಗ್ಗ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಟಗಾರ ಬರಿಗಾಲಲ್ಲಿ ಓಡುತ್ತಾನೆ. ನೇಗಿಲಿನಲ್ಲಿ ಹಗುರವಾದ ನೇಗಿಲು. ಇವೆರಡಕ್ಕೂ ಹಿರಿಯ, ಕಿರಿಯ ಎಂಬ ಭಾಗಗಳುಂಟು. ಅಡ್ಡ ಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಸಾಗಬೇಕು. ಕನೆ ಹಲಗೆಗೆ ವೇಗದ ಲೆಕ್ಕವಿಲ್ಲ. ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು, ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರಕ್ಕೆ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗಿನ ಎಲ್ಲ ಓಟಗಳಿಗಿಂತ ನನಗೆ ಕನೆ ಹಲಗೆಯೇ ಇಷ್ಟ. ಅಲ್ಲಿ ಸೋಲಿಸಲು ಪಕ್ಕದಲ್ಲಿ ಇನ್ನೊಂದು ಜೋಡಿ ಇರುವುದಿಲ್ಲ.

ಈಗ ತಡೆಯ ವಿಷಯಕ್ಕೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಎ. ನಾಗರಾಜ ಪ್ರಕರಣ ಎಂದೇ ಅದು ಹೆಸರಾಗಿದೆ. ತೀರ್ಪಿನ ಕೇಂದ್ರದಲ್ಲಿದ್ದದ್ದು ಹೋರಿ, ನಮ್ಮದು ಕೋಣ. ಈ ವ್ಯತ್ಯಾಸ ಹಿಡಿದು ಸಮಿತಿಗಳು ಸ್ವಲ್ಪ ಕಾಲ ವಾದಿಸಿದವು. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೋರಿಗೊಂದು, ಕೋಣಕ್ಕೊಂದು ನೋವನ್ನು ಹಂಚುವುದಿಲ್ಲ. ಪ್ರಾಣಿದಯಾ ಸಂಸ್ಥೆ ಪೆಟಾ ಹೈಕೋರ್ಟಿಗೆ ಹೋಯಿತು, ತಡೆ ಬಂತು. ಬೆತ್ತದ ಏಟು, ಬಾಲ ತಿರುಚುವುದು ಮುಂತಾಗಿ ಅವರು ಹೇಳಿದ್ದೆಲ್ಲ ಸುಳ್ಳು ಎಂದು ನಮ್ಮಲ್ಲಿ ಹಲವರು ಅಂದರು. ಎಲ್ಲ ಸುಳ್ಳಾಗಿರಲಿಲ್ಲ. ಗಂತಿನ ಹತ್ತಿರ ನಿಂತು ನೋಡಿದವರಿಗೆ ಅದು ಗೊತ್ತು.

2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲ ದಂಡೆಯಲ್ಲಿ ಜಲ್ಲಿಕಟ್ಟಿಗಾಗಿ ಜನ ಸೇರಿದರು, ತಮಿಳುನಾಡು ಕಾನೂನು ತಿದ್ದಿತು. ಅದನ್ನು ಕಂಡು ಇಲ್ಲಿಯೂ ಧೈರ್ಯ ಬಂತು. ಜನವರಿ 28ರಂದು ಮೂಡುಬಿದಿರೆಯಲ್ಲಿ ಯಜಮಾನರು ತಮ್ಮ ಕೋಣಗಳೊಂದಿಗೇ ಮೆರವಣಿಗೆ ನಡೆಸಿದರು. ಭಾಷಣಗಳನ್ನು ಯಾರೂ ನೆನಪಿಟ್ಟಿಲ್ಲ, ಕೋಣಗಳ ಸಾಲನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಫೆಬ್ರವರಿ 13ಕ್ಕೆ ವಿಧಾನಸಭೆ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಡತ ದೆಹಲಿಗೆ ಹೋಗಿ ಸುತ್ತಾಡಿತು. ಜುಲೈ 20ಕ್ಕೆ ಸುಗ್ರೀವಾಜ್ಞೆ ಬಂತು. ಆ ಋತುವಿನಲ್ಲಿ ಕರೆಗೆ ಮತ್ತೆ ನೀರು ಬಿಟ್ಟರು. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರ ಫೆಬ್ರವರಿಯಲ್ಲಿ. ಅದಾದ ಮೇಲೂ ವ್ಯಾಜ್ಯ ಮುಗಿಯದೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಹೋಯಿತು. 2023ರ ಮೇ 18ರಂದು ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ಕಾಯ್ದೆಗಳನ್ನು ಎತ್ತಿಹಿಡಿಯಿತು. ಮೂಡುಬಿದಿರೆಯ ಮೆರವಣಿಗೆಯಿಂದ ಅಲ್ಲಿಗೆ ಆರು ವರ್ಷ ದಾಟಿತ್ತು.

ಇಷ್ಟು ದಾಖಲೆಯಲ್ಲಿ ಇರುವುದು. ಇಲ್ಲದ್ದು ಹಟ್ಟಿಯೊಳಗಿನ ಲೆಕ್ಕ. ಅದಕ್ಕೆ ಹೋಗುವ ಮೊದಲು ದೂರದ ಒಂದು ಹೋಲಿಕೆ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ಒಂದು ಕಥೆ ನಡೆದಿತ್ತು. ಖರ್ಚು ಹೊರಲಾಗದೆಂದು 2014ರ ಡಿಸೆಂಬರ್ 2ರಂದು ಆಡಳಿತ ತನ್ನ ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಅದು ತಲೆಗೆ ಹೆಲ್ಮೆಟ್ ಹಾಕಿ ಆಡುವ ಅವರ ಫುಟ್‌ಬಾಲ್. ವಿದ್ಯಾರ್ಥಿಗಳು, ಊರವರು ಎದ್ದು ನಿಂತರು, ದಾನಿಗಳು ಹಣ ಕೂಡಿಸಿದರು, ಆರು ತಿಂಗಳೊಳಗೆ ಆಡಳಿತ ಮನಸ್ಸು ಬದಲಿಸಿತು. ಆದರೂ ಅವರು ಮತ್ತೆ ಮೈದಾನಕ್ಕಿಳಿದದ್ದು 2017ರ ಸೆಪ್ಟೆಂಬರಿನಲ್ಲಿ. ಹಳೆಯ ಆಟಗಾರರಲ್ಲಿ ಬಹಳ ಮಂದಿ ಬೇರೆ ವಿಶ್ವವಿದ್ಯಾಲಯಗಳ ಪಾಲಾಗಿದ್ದರು, ತಂಡವನ್ನು ಬುಡದಿಂದ ಕಟ್ಟಬೇಕಾಯಿತು. ಮೊದಲ ಪಂದ್ಯವನ್ನು 38-7ರಿಂದ ಗೆದ್ದರು. ಇದನ್ನು ಓದಿದಾಗ ನನಗೆ ಹೊಳೆದದ್ದು ಒಂದೇ: ಆಟ ನಿಂತಾಗ ಆಟಗಾರ ಬೇರೆ ತಂಡ ಸೇರಬಹುದು, ಚೆಂಡನ್ನು ಗೋಣಿಗೆ ತುಂಬಿ ಅಟ್ಟದಲ್ಲಿಡಬಹುದು. ಕೋಣವನ್ನು ಏನು ಮಾಡುವುದು?

ಓಟದ ಕೋಣ ಗದ್ದೆ ಉಳುವ ಕೋಣವಲ್ಲ. ಅದಕ್ಕೆ ದಿನವೂ ಬೇಯಿಸಿದ ಹುರುಳಿ, ಹಸಿಹುಲ್ಲು, ಬೈಹುಲ್ಲು, ಮೈಗೆ ಎಣ್ಣೆ ತಿಕ್ಕಿ ಬಿಸಿನೀರು, ಕೆರೆಯಲ್ಲಿ ಈಜು. ಋತುವಿಗೆ ಮೊದಲು ಕುದಿ ಕಂಬಳದಲ್ಲಿ ಓಡಿಸಿ ಹದ ಮಾಡಬೇಕು. ನೋಡಿಕೊಳ್ಳಲು ಆಳು ಬೇಕು, ಆಳಿಗೆ ಕೋಣದ ಭಾಷೆ ಗೊತ್ತಿರಬೇಕು. ಗೆದ್ದರೆ ಬರುವ ಚಿನ್ನ ವರ್ಷದ ಹುರುಳಿಗೂ ಸಾಲದು ಎಂಬುದು ಕೋಣ ಸಾಕಿದ ಯಾವ ಮನೆಯಲ್ಲೂ ಗುಟ್ಟಲ್ಲ. ಓಟವೇ ಇಲ್ಲದ ವರ್ಷ, ಮುಂದೆ ಉಂಟೋ ಇಲ್ಲವೋ ಎಂಬುದೂ ತಿಳಿಯದ ವರ್ಷ, ಈ ಖರ್ಚನ್ನು ಹೊರುವುದಕ್ಕೆ ಕಾರಣ ಬೇಕಲ್ಲ? ಕೇಳಿದರೆ ಯಜಮಾನರು ಹೇಳುತ್ತಿದ್ದದ್ದು ಇಷ್ಟೇ: ‘ಮನೆಯಲ್ಲಿ ಉಂಟಲ್ಲ ಮಾರಾಯ್ರೇ, ಉಪವಾಸ ಹಾಕಲಿಕ್ಕೆ ಆಗ್ತದಾ?’

ಮಾರಲು ನೋಡಿದ್ದರೆ ಆಗ ಕೊಳ್ಳುವವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಉಳುಮೆಗೆ ಕೋಣ ಬೇಡದ ಊರಿನಲ್ಲಿ ಓಟವೂ ಇಲ್ಲದ ಕೋಣಕ್ಕೆ ಉಳಿಯುವ ದಾರಿ ಒಂದೇ, ಅದು ಕಸಾಯಿಖಾನೆಯದ್ದು. ಕೋಣದ ಮೇಲಿನ ಕರುಣೆಯಿಂದಲೇ ಕೋರ್ಟಿಗೆ ಹೋದವರು ಈ ಕಡೆ ನೋಡಲಿಲ್ಲ ಎಂಬ ದೂರು ನನಗಿದೆ. ಸುಗ್ರೀವಾಜ್ಞೆ ಬಂದಾಗ ಹಟ್ಟಿಗಳು ಖಾಲಿಯಾಗಿದ್ದರೆ ಕಾನೂನು ಯಾರನ್ನು ಓಡಿಸುತ್ತಿತ್ತು? ಕೋಣ ಓಟಕ್ಕೆ ಪಳಗಲು ವರ್ಷಗಳು ಬೇಕು, ಓಡುವ ವಯಸ್ಸು ಕಡಿಮೆ. ಬರ್ಮಿಂಗ್‌ಹ್ಯಾಮಿನವರಂತೆ ಬುಡದಿಂದ ಕಟ್ಟುವ ಕೆಲಸ ನಮಗೆ ಬೀಳದಿದ್ದುದು ಹುರುಳಿ ಬೇಯಿಸುವುದನ್ನು ನಿಲ್ಲಿಸದ ಆ ಮನೆಗಳಿಂದ. ಅವರಲ್ಲಿ ಹಲವರ ಕೋಣಗಳು ಒಮ್ಮೆಯೂ ಮೆಡಲು ಗೆದ್ದವಲ್ಲ, ಆದ್ದರಿಂದ ಪಟ್ಟಿಗಳಲ್ಲಿ ಹೆಸರಿಲ್ಲ.

ಮರಳಿ ಬಂದ ಕಂಬಳ ಮೊದಲಿನದ್ದಲ್ಲ. ಓಟದ ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುವ ಯಂತ್ರಗಳು, ಮಂಜೊಟ್ಟಿಯಲ್ಲಿ ಲೇಸರ್ ಕಿರಣ, ಪಶುವೈದ್ಯರು, ಕ್ಯಾಮೆರಾ. ಓಟಗಾರರಿಗೆ ತರಬೇತಿ ಕೊಡುವ ಅಕಾಡೆಮಿಯನ್ನು ಗುಣಪಾಲ ಕಡಂಬರು ಕಾರ್ಕಳದ ಕಡೆ ತಡೆಗೂ ಮೊದಲೇ ಶುರು ಮಾಡಿದ್ದರು, ಅದರ ಬೆಲೆ ಎಲ್ಲರಿಗೂ ಕಂಡದ್ದು ಆಮೇಲೆ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಹೆಸರೆತ್ತಿತು, ಕೇಂದ್ರ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಅವರು ಹೋಗಲಿಲ್ಲ. ಸರಿಯಾದದ್ದನ್ನೇ ಮಾಡಿದರು ಎನ್ನುತ್ತೇನೆ. ಕಂಬಳದ ವೇಗದಲ್ಲಿ ಎರಡು ಕೋಣಗಳ ಪಾಲಿದೆ, ಒಂದು ಕರೆಯ ಉದ್ದ ಇನ್ನೊಂದಕ್ಕಿಲ್ಲ, ಕೆಸರಿನ ಹದವೂ ಬೇರೆ. ಎರಡೇ ವಾರದಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು ಅದಕ್ಕೂ ವೇಗವಾಗಿ ಓಡಿದರು. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದು ಕಂಬಳವನ್ನು ಅದುವರೆಗೆ ಹೆಸರು ಕೇಳದವರಿಗೂ ತೋರಿಸಿತು.

ಆಮೇಲೆ ಬೆಂಗಳೂರು. 2023ರ ನವೆಂಬರ್ 25 ಮತ್ತು 26ರಂದು ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು, ಮುಂದೆ ನಿಂತವರು ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈ. ಉಪ್ಪಿನಂಗಡಿಯಿಂದ ಹೊರಟ ಕೋಣಗಳು ಹಾಸನದಲ್ಲಿ ತಂಗಿ ರಾಜಧಾನಿ ಸೇರಿದವು. ಹೆಮ್ಮೆಯಾಯಿತು, ನಿಜ. ಆದರೆ ಕಾಂಕ್ರೀಟಿನ ನಡುವೆ ಮಣ್ಣು ಹೊತ್ತು ಹಾಕಿ ಕಟ್ಟಿದ ಕರೆ ಜಾತ್ರೆಯಾದೀತು, ಕಂಬಳದ ಮನೆಯಾಗಲಾರದು. ಮನೆ ಇರುವುದು ಕೋಣ ಸಾಕುವ ಕಡೆ. ದೇವರಮಾರು ಗದ್ದೆಯ ಸುತ್ತಲೂ ಈಗ ಪೇಟೆ ಬೆಳೆದಿದೆ. ಆ ಗದ್ದೆ ಗದ್ದೆಯಾಗಿಯೇ ಉಳಿದಿರುವುದು ದೇವರ ಹೆಸರಿನಿಂದ ಮತ್ತು ವರ್ಷಕ್ಕೊಮ್ಮೆಯ ಈ ಓಟದಿಂದ.

ಸಂವಿಧಾನ ಪೀಠ ಕೊಟ್ಟದ್ದು ಷರತ್ತಿನ ಒಪ್ಪಿಗೆ ಎಂಬುದನ್ನು ನಾವು ಬೇಗ ಮರೆತೆವು. ಅನಗತ್ಯ ನೋವು ಕೊಡಬಾರದು ಎಂದು ಕಾಯ್ದೆಯೇ ಹೇಳುತ್ತದೆ, ನಿಯಮ ಮುರಿದರೆ ಇನ್ನೊಂದು ಅರ್ಜಿಗೆ ದಾರಿ ತೆರೆದೇ ಇದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಭಾನುವಾರ ಬಿಸಿಲೇರಿದರೂ ಸೆಮಿಫೈನಲ್ ಮುಗಿಯದ ಕಂಬಳಗಳನ್ನು ನಾವು ಕಂಡಿದ್ದೇವೆ. ಗಂತಿನಲ್ಲಿ ಒಂದು ಜೋಡಿಯನ್ನು ಸರಿ ನಿಲ್ಲಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ಯಜಮಾನರಿಗೆ ಅದು ಪ್ರತಿಷ್ಠೆ, ಹಿಂದೆ ಸಾಲಿನಲ್ಲಿ ನಿಂತ ಇಪ್ಪತ್ತು ಜೋಡಿಗೆ ಶಿಕ್ಷೆ.

ಆದ್ದರಿಂದ ಈ ಸಲ ಗಂತಿನಲ್ಲಿ ನಿಲ್ಲುವ ಸ್ವಯಂಸೇವಕರಲ್ಲಿ, ಯಜಮಾನರಲ್ಲಿ, ಓಟಗಾರರಲ್ಲಿ ವಿನಂತಿ: ಕರೆದಾಗ ಜೋಡಿಯನ್ನು ತನ್ನಿ, ಸಮಯಕ್ಕೆ ಬಿಡಿ. ಬೆತ್ತ ಕೈಯಲ್ಲಿರಲಿ, ಬೆನ್ನ ಮೇಲೆ ಬೀಳದಿರಲಿ. ಬೀಳುವುದನ್ನು ಕಂಡರೆ ಆ ಜೋಡಿಯನ್ನು ಹೊರಗಿಡುವ ಗಟ್ಟಿತನ ಸಮಿತಿಗಿರಲಿ, ಯಾರ ಮನೆಯ ಕೋಣವಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ಗೆದ್ದವರ ಪಟ್ಟಿಯ ಪಕ್ಕದಲ್ಲಿ, 2016-17ರಲ್ಲಿ ಓಟವಿಲ್ಲದೆಯೂ ಕೋಣ ಸಾಕಿದ ಮನೆಗಳ ಪಟ್ಟಿಯೂ ಅಚ್ಚಾಗಲಿ. ಆ ಮನೆಗಳ ಹಿರಿಯರು ಇನ್ನೂ ಇದ್ದಾರೆ. ಕೇಳಿ ಬರೆದುಕೊಳ್ಳುವ ಕೆಲಸ ಈ ಮಳೆಗಾಲದಲ್ಲೇ ಆಗಬೇಕು.