ಹಾಡುಗಾರನಿಲ್ಲದ ತಂಬೂರಿ

ನ್ಯೂಯಾರ್ಕ್ ನಗರದ ಚರ್ಚ್ ಸ್ಟ್ರೀಟಿನಲ್ಲಿ, 275ನೇ ನಂಬರಿನ ಕಟ್ಟಡದ ಮೇಲಂತಸ್ತಿನಲ್ಲಿ 1993ರಲ್ಲಿ ಒಂದು ವಿಚಿತ್ರ ಕೋಣೆ ತೆರೆಯಿತು. ಅಲ್ಲಿ ವೇದಿಕೆಯಿಲ್ಲ, ವಾದ್ಯಗಾರರಿಲ್ಲ, ಕುರ್ಚಿಗಳೂ ಇಲ್ಲ. ಪಾದರಕ್ಷೆ ಹೊರಗೆ ಬಿಟ್ಟು ಒಳಹೊಕ್ಕರೆ ನೆಲಹಾಸು, ನೇರಳೆಗೆಂಪು ಬೆಳಕು. ದೊಡ್ಡ ಧ್ವನಿವರ್ಧಕಗಳಿಂದ ಮೂವತ್ತಕ್ಕೂ ಹೆಚ್ಚು ನಾದಗಳು ಏಕಕಾಲಕ್ಕೆ ಹೊಮ್ಮುತ್ತವೆ. ಅವಕ್ಕೆ ಆರಂಭವಿಲ್ಲ, ಅಂತ್ಯವಿಲ್ಲ, ತಾಳವಿಲ್ಲ. ಕೇಳುವವನು ಅಲುಗಾಡದೆ ಕುಳಿತರೆ ನಾದವೂ ನಿಂತಲ್ಲೇ ನಿಂತಂತೆ. ತಲೆಯನ್ನು ಒಂದಿಷ್ಟು ಹೊರಳಿಸಿದರೆ ಬೇರೆಯೇ ಸ್ವರ ಕಿವಿಗೆ ಬೀಳುತ್ತದೆ. ಇದರ ಹೆಸರು ‘ಡ್ರೀಮ್ ಹೌಸ್’, ಕನಸಿನ ಮನೆ. ನಾದ ಲಾ ಮಾಂಟ್ ಯಂಗ್ ಅವರದು, ಬೆಳಕು ಅವರ ಪತ್ನಿ ಮೇರಿಯನ್ ಝಜೀಲಾ ಅವರದು.

ಅಮೆರಿಕದವರ ಈ ಹುಚ್ಚಾಟಕ್ಕೂ ಗದಗ-ಬೆಟಗೇರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ, ಅದೂ ಗುರುಪರಂಪರೆಯ ಸಂಬಂಧ.

ಮೊದಲು ನಮ್ಮ ತಂಬೂರಿಯನ್ನೇ ನೋಡೋಣ. ಮಂದ್ರ ಪಂಚಮ, ಜೋಡಿ ಷಡ್ಜ, ಕೊನೆಗೆ ಖರ್ಜ: ನಾಲ್ಕೇ ತಂತಿ. ಷಡ್ಜದ ಕಂಪನ ಸೆಕೆಂಡಿಗೆ 240 ಎಂದಿಟ್ಟುಕೊಂಡರೆ ಮಂದ್ರ ಪಂಚಮ 180, ಖರ್ಜ 120. ಎಲ್ಲವೂ ಚಿಕ್ಕ ಪೂರ್ಣಾಂಕಗಳ ಪ್ರಮಾಣದಲ್ಲಿವೆ. ಆದರೆ ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತೇಲಿಬರುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಒಂದು ತಂತಿ ಮಿಡಿದಾಗ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ, ಐದುಮಡಿ ಕಂಪನಗಳೂ ಜೊತೆಗೆ ಹುಟ್ಟುತ್ತವೆ. ಖರ್ಜದ ಐದುಮಡಿಯಾದ 600 ಎಂಬುದೇ ಆ ಗಾಂಧಾರ.

ಇದನ್ನು ಎತ್ತಿ ತೋರಿಸುವುದು ಕುದುರೆಯ ಅಗಲವಾದ ಬೆನ್ನು ಮತ್ತು ತಂತಿಯ ಕೆಳಗಿಡುವ ದಾರದ ಎಳೆ. ಈ ಹದಕ್ಕೆ ಜವಾರಿ ಎಂದು ಹೆಸರು. (ನಮ್ಮ ಕಡೆ ಜೋಳಕ್ಕೂ ಹಸುವಿಗೂ ಅಂಟಿಕೊಂಡಿರುವ ‘ಜವಾರಿ’ ಬೇರೆ ಎಂದು ತಿಳಿದವರು ಹೇಳಿಯಾರು, ಆದರೂ ಕಿವಿಗೆ ಎರಡೂ ಹಿತ.) ಸಿ.ವಿ. ರಾಮನ್ ಅವರು 1921ರಲ್ಲಿ ತಂಬೂರಿ ಮತ್ತು ವೀಣೆಯ ಇದೇ ಕುದುರೆಯ ಬಗ್ಗೆ ಪ್ರಬಂಧ ಬರೆದರು. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಮಾಯವಾಗಬೇಕು ಎಂದು ಪಾಶ್ಚಾತ್ಯ ವಿಜ್ಞಾನದ ನಿಯಮವೊಂದು ಹೇಳುತ್ತಿತ್ತೋ, ಆ ಉಪಸ್ವರ ಈ ವಾದ್ಯಗಳಲ್ಲಿ ಮಾಯವಾಗುವುದಿಲ್ಲ ಎಂದು ತೋರಿಸಿದರು.

ಈ ಸೂಕ್ಷ್ಮಕ್ಕೆ ಪ್ರಾಣವನ್ನೇ ತೆತ್ತ ಮನೆತನ ಕಿರಾಣಾ ಘರಾಣೆ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಒಳ್ಳೆಯ ಗಾಯಕರಷ್ಟೇ ಅಲ್ಲ, ವಾದ್ಯಗಳನ್ನು ಬಿಚ್ಚಿ ರಿಪೇರಿ ಮಾಡಬಲ್ಲವರೂ ಆಗಿದ್ದರು. ಸಾಂಗಲಿಯ ನಿವೃತ್ತ ಅಧಿಕಾರಿ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ನ್ಯಾಯಾಧೀಶ ಕ್ಲೆಮೆಂಟ್ಸ್ ಇಪ್ಪತ್ತೆರಡು ಶ್ರುತಿಗಳನ್ನು ಲೆಕ್ಕಕ್ಕೆ ತರಲು ಹೊರಟಾಗ ಅವರು ನಂಬಿದ್ದು ಖಾನರ ಕಂಠವನ್ನು. ದೇವಲರ ಪುಸ್ತಕ 1910ರಲ್ಲಿ ಹೊರಬಂತು. ಮುಂದೆ ಶ್ರುತಿ ಹಾರ್ಮೋನಿಯಂ ಕೂಡ ತಯಾರಾಗಿ 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಚರ್ಚೆಗೆ ಬಂತು, ವಿದ್ವಾಂಸರು ಒಪ್ಪಲಿಲ್ಲ. ಲೆಕ್ಕ ಸೋತರೂ ಕಂಠ ಸೋಲಲಿಲ್ಲ ಎನ್ನಬೇಕು.

ಕರೀಂ ಖಾನರ ವಿದ್ಯೆ ಸವಾಯಿ ಗಂಧರ್ವರ ಮೂಲಕ ಕುಂದಗೋಳಕ್ಕೆ ಬಂತು. ಲಕ್ಷ್ಮೇಶ್ವರದವರಿಗೆ ಕುಂದಗೋಳ ದೂರದ ಊರಲ್ಲ. ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿ ಗ್ರಾಮಾಫೋನಿನಲ್ಲಿ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿ ಮನಸೋತು, 1933ರಲ್ಲಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನರಸಿ ಉತ್ತರ ಭಾರತ ಸುತ್ತಿದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರ, ಅದೇ ಕುಂದಗೋಳದಲ್ಲಿ.

ಕಿರಾಣೆಯ ಇನ್ನೊಂದು ಕವಲು ಕರೀಂ ಖಾನರ ದಾಯಾದಿ ಅಬ್ದುಲ್ ವಹೀದ್ ಖಾನರದು. ಒಂದೊಂದು ಸ್ವರದ ಮೇಲೆ ಗಂಟೆಗಟ್ಟಲೆ ನಿಲ್ಲಬಲ್ಲ ನಿಧಾನಿ. ಅವರ ಶಿಷ್ಯರು ಲಾಹೋರಿನಲ್ಲಿ 1918ರಲ್ಲಿ ಹುಟ್ಟಿದ ಪಂಡಿತ ಪ್ರಾಣನಾಥರು. 1970ರಲ್ಲಿ ಪ್ರಾಣನಾಥರು ಅಮೆರಿಕಕ್ಕೆ ಹೋದರು. ಅಲ್ಲಿ ಯಂಗ್, ಝಜೀಲಾ, ಟೆರ್ರಿ ರೈಲಿ ಅವರ ಶಿಷ್ಯರಾದರು. 1996ರಲ್ಲಿ ಗುರು ತೀರಿಕೊಳ್ಳುವವರೆಗೂ ಶಿಷ್ಯರಾಗಿಯೇ ಉಳಿದರು.

ಹಾಗೆಂದು ಯಂಗ್ ಎಲ್ಲವನ್ನೂ ನಮ್ಮಿಂದ ಪಡೆದರು ಎಂದು ಬೀಗುವುದು ಸರಿಯಲ್ಲ. ಐಡಾಹೊ ರಾಜ್ಯದ ಹಳ್ಳಿಯ ಮರದ ಮನೆಯಲ್ಲಿ 1935ರಲ್ಲಿ ಹುಟ್ಟಿದ ಅವರಿಗೆ ಮೊದಲ ಗುರು ದಿಮ್ಮಿಗಳ ಸಂದಿಯಲ್ಲಿ ಸುಯ್ಯುವ ಗಾಳಿ, ಆಮೇಲೆ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ. ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆಯಲ್ಲಿ ತಂಬೂರಿ ಕೇಳಿದ್ದು ಯೌವನದಲ್ಲಿ. 1960ರ ಅವರ ಒಂದು ರಚನೆಯಲ್ಲಿ ಇರುವುದು ಎರಡೇ ಸ್ವರ, ಬಹಳ ಹೊತ್ತು ಹಿಡಿಯಬೇಕೆಂಬ ಸೂಚನೆಯೊಂದಿಗೆ. ಒಂದನ್ನು ಷಡ್ಜವೆಂದರೆ ಇನ್ನೊಂದು ಪಂಚಮ. ಅವರು ಗುರುವನ್ನು ಕಾಣುವ ಹತ್ತು ವರ್ಷ ಮೊದಲಿನ ಮಾತಿದು.

ವ್ಯತ್ಯಾಸವೂ ದೊಡ್ಡದೇ. ನಮಗೆ ತಂಬೂರಿ ನೆಲವಿದ್ದಂತೆ, ಅದರ ಮೇಲೆ ರಾಗ ನಡೆಯಬೇಕು. ಯಂಗ್ ನಡೆಯುವವನನ್ನು ತೆಗೆದು ನೆಲವನ್ನಷ್ಟೇ ಉಳಿಸಿದರು. ನನಗೆ ಇದು ಪೂರ್ತಿ ರುಚಿಸದು. ಆದರೆ ಆ ನೆಲವನ್ನು ನಾವು ಎಷ್ಟು ಗಮನಿಸುತ್ತೇವೆ? ಪೇಟಿಯ ಗಾಂಧಾರ ಸಮಪಾಲಿನ ಶ್ರುತಿಯದು. ಷಡ್ಜ 240 ಇದ್ದಾಗ ಶುದ್ಧ ಗಾಂಧಾರ 300; ಪೇಟಿಯದು 302ಕ್ಕೂ ಸ್ವಲ್ಪ ಮೇಲೆ. ಎರಡನ್ನೂ ಒಟ್ಟಿಗೆ ಹಿಡಿದರೆ ನಾದ ನಡುಗುತ್ತದೆ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಆದರೆ ಪೇಟಿಯನ್ನು ಬೈದು ಸುಮ್ಮನಾಗುವಂತಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪುಟ್ಟರಾಜ ಗವಾಯಿಗಳೇ ಪೇಟಿಯಲ್ಲಿ ಸಿದ್ಧಹಸ್ತರಾಗಿದ್ದರು. ಕೀಲಿ ಒತ್ತುವ ಬೆರಳಿಗಿಂತ ಕೇಳುವ ಕಿವಿ ಮುಂದಿದ್ದರೆ ಯಾವ ವಾದ್ಯವೂ ಕೆಡಿಸದು.

ಆ ಕಿವಿ ತಯಾರಾಗುತ್ತಿದ್ದುದು ತಂಬೂರಿ ಸೇರಿಸುವಾಗ. ಮಣಿಯನ್ನು ಕೂದಲೆಳೆಯಷ್ಟು ಜಾರಿಸಿ, ದಾರ ಸರಿಸಿ, ಗಾಂಧಾರ ಮೇಲೆದ್ದು ಬರುವವರೆಗೆ ಕಾಯಬೇಕಿತ್ತು. ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ, ಮೊಬೈಲು ಆ ಕೆಲಸ ಮಾಡಿಕೊಡುತ್ತವೆ. ಅನುಕೂಲವೇನೋ ಹೌದು, ಆದರೆ ಕಾಯುವ ಪಾಠ ತಪ್ಪಿತು. ಕಣ್ಣಿಲ್ಲದೆ ಕಿವಿಯನ್ನೇ ನಂಬಿ ಅನ್ನ ಸಂಪಾದಿಸಬೇಕಾದ ಮಗುವಿಗೆ ಇದು ಸಣ್ಣ ನಷ್ಟವಲ್ಲ. ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಕೊಳ್ಳುವವರಿಗೆ ಅದನ್ನು ಸೇರಿಸಲು ಬರಬೇಕಷ್ಟೆ.

ಅತ್ತ ನ್ಯೂಯಾರ್ಕಿನಲ್ಲಿ 2002ರಲ್ಲಿ ಯಂಗ್, ಝಜೀಲಾ ಮತ್ತು ಅವರ ಶಿಷ್ಯೆ ಜಂಗ್ ಹೀ ಚೋಯ್ ಒಂದು ಗಾಯನ ತಂಡ ಕಟ್ಟಿದರು. ತಂಬೂರಿ ಮೀಟುತ್ತ, ಪ್ರಾಣನಾಥರ ಸ್ಮರಣೆಗೆಂದು ಅದೇ ಕನಸಿನ ಮನೆಯಲ್ಲಿ ಕುಳಿತು ಅವರು ಕಿರಾಣೆಯ ಆಲಾಪ ಹಾಡಿದರು.