ನಡುನೀರಿನಲ್ಲಿ ನಿಮಿಷಗಳ ಲೆಕ್ಕ

ನಮ್ಮ ಟೀಮಿನ ಹುಡುಗನೊಬ್ಬ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಬುಕ್ ಮಾಡಿದ್ದಾನೆ. ಹಡಗಿನ ವೈಫೈ ಪ್ಯಾಕಿನ ರೇಟು ನೋಡಿ ಗಾಬರಿಯಾಗಿ, "ಇದಕ್ಕೇನಾದ್ರೂ ಉಪಾಯ ಇದೆಯಾ?" ಅಂತ ಕೇಳಿದ. ಉಪಾಯ ನಾಲ್ಕು ಸಾಲಿನಲ್ಲಿ ಮುಗಿಯುತ್ತೆ. ಹಡಗು ಹತ್ತುವ ಮೊದಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ದಡದ ಟವರ್ ದೂರವಾದ ಕೂಡಲೇ ಫೋನು ತಾನೇ ಹೋಗಿ ಹಡಗಿನ ಮೊಬೈಲ್ ನೆಟ್‌ವರ್ಕಿಗೆ ಅಂಟಿಕೊಳ್ಳುತ್ತೆ, ಮಾಮೂಲಿ ರೋಮಿಂಗ್ ಪ್ಯಾಕು ಅಲ್ಲಿ ನಡೆಯುವುದು ಅಪರೂಪ. ಸಿನಿಮಾ, ಹಾಡು, ಮ್ಯಾಪು ಎಲ್ಲಾ ಮನೆಯಲ್ಲೇ ಇಳಿಸಿಕೊಳ್ಳಬೇಕು. ವಾಟ್ಸಾಪಿನಲ್ಲಿ ಫೋಟೋ ತಾನಾಗಿ ಡೌನ್‌ಲೋಡ್ ಆಗೋದನ್ನ ನಿಲ್ಲಿಸಬೇಕು. ಉಳಿದದ್ದಕ್ಕೆ ಹಡಗು ದಡ ಸೇರುವವರೆಗೆ ಕಾಯಬೇಕು.

ಅವನಿಗೆ ಅಷ್ಟು ಸಾಕಾಯ್ತು. ನನಗೆ ಸಾಕಾಗಲಿಲ್ಲ. ಯಾಕೆಂದರೆ ಈ ಉಪಾಯಗಳಲ್ಲಿ ಒಂದೂ ಹೊಸದಲ್ಲ. ಚಿಕ್ಕದು ಮಾಡಿ ಕಳಿಸೋದು, ಮೊದಲೇ ತಯಾರು ಮಾಡಿಟ್ಟುಕೊಳ್ಳೋದು, ದಡಕ್ಕೆ ಕಾಯೋದು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸಮುದ್ರದ ಮೇಲಿನ ಜನ ಮಾಡಿಕೊಂಡು ಬಂದಿರೋದು ಈ ಮೂರನ್ನೇ. ಅದರಲ್ಲೂ ಹೆಚ್ಚು ಮಾಡಿದವರು ರಜೆಗೆ ಹೋದವರಲ್ಲ, ಆ ಹಡಗಿನಲ್ಲಿ ಹಾಸಿಗೆ ಸರಿಮಾಡುವವರು, ಪಾತ್ರೆ ತೊಳೆಯುವವರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಅಂಥವರೊಬ್ಬರು ಇದ್ದಾರೆ. ನಮ್ಮ ಮನೆಯಲ್ಲೂ ಇದ್ದರು, ಅದು ಆಮೇಲೆ.

ಮೊದಲು ಟೈಟಾನಿಕ್. 1912ರಲ್ಲಿ ಆ ಹಡಗಿನಲ್ಲಿ ಪ್ರಯಾಣಿಕರು ಮಾರ್ಕೋನಿ ವೈರ್‌ಲೆಸ್ ಮೂಲಕ ಮನೆಗೆ ಸಂದೇಶ ಕಳಿಸಬಹುದಿತ್ತು. ಮೊದಲ ಹತ್ತು ಪದಕ್ಕೆ 12 ಶಿಲಿಂಗ್ 6 ಪೆನ್ಸ್, ಆಮೇಲೆ ಪದವೊಂದಕ್ಕೆ 9 ಪೆನ್ಸ್. ಆಗಿನ ಕಾಲಕ್ಕೆ ಇದು ಶ್ರೀಮಂತರ ಆಟ. ಆದರೂ ಸಂದೇಶಗಳು ರಾಶಿ ಬಿದ್ದಿದ್ದವು. ಹಿಂದಿನ ದಿನ ಯಂತ್ರ ಬೇರೆ ಕೆಟ್ಟಿದ್ದರಿಂದ ಏಪ್ರಿಲ್ 14ರ ರಾತ್ರಿ ಆಪರೇಟರುಗಳು ಬಾಕಿ ಉಳಿದಿದ್ದನ್ನು ಕಳಿಸುವ ಗಡಿಬಿಡಿಯಲ್ಲಿದ್ದರು. ಹತ್ತಿರವೇ ಇದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗು "ನಮ್ಮ ಸುತ್ತ ಮಂಜುಗಡ್ಡೆ ಇದೆ" ಅಂತ ತಿಳಿಸಲು ಬಂದಾಗ, ಬಾಯಿ ಮುಚ್ಚು, ನಾನು ಕೆಲಸದಲ್ಲಿದ್ದೀನಿ ಎಂಬರ್ಥದ ಉತ್ತರ ಹೋಯಿತು. ಆ ಆಪರೇಟರ್ ಸ್ವಲ್ಪ ಹೊತ್ತಿಗೆ ತನ್ನ ಯಂತ್ರ ಆಫ್ ಮಾಡಿ ಮಲಗಿದ. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಸಿನಿಮಾದವರು ಪ್ರೇಮಕಥೆ ಮಾಡಿದರು, ನನಗೆ ಮಾತ್ರ ಇದು ಬ್ಯಾಂಡ್‌ವಿಡ್ತ್ ಕಥೆಯಾಗಿಯೇ ಕಾಣುತ್ತೆ :-)

ಪದಕ್ಕಿಷ್ಟು ಅಂತ ದರ ಇಟ್ಟರೆ ಜನ ಏನು ಮಾಡ್ತಾರೆ? ಪದ ಕಡಿಮೆ ಮಾಡ್ತಾರೆ. ತಂತಿಗಾಗಿ ಕೋಡ್ ಪುಸ್ತಕಗಳೇ ಬಂದವು. 1873ರಲ್ಲಿ ಎಬಿಸಿ ಕೋಡ್, 1906ರಲ್ಲಿ ಬೆಂಟ್ಲಿ ಕೋಡ್. ಬೆಂಟ್ಲಿಯದು ಇನ್ನೂ ಜಾಣತನದ್ದು. ಒಂದು ಇಡೀ ವಾಕ್ಯಕ್ಕೆ ಐದಕ್ಷರದ ಒಂದು ಸಂಕೇತ. ಅಂಥ ಎರಡನ್ನು ಜೋಡಿಸಿದರೆ ಹತ್ತಕ್ಷರ, ಅದಕ್ಕೆ ಒಂದೇ ಪದದ ದುಡ್ಡು. ಕಳಿಸುವವನ ಹತ್ತಿರವೂ ಪಡೆಯುವವನ ಹತ್ತಿರವೂ ಒಂದೇ ಪುಸ್ತಕ ಇರಬೇಕು ಅಷ್ಟೇ. ನಾವು ಎಂಜಿನಿಯರಿಂಗಿನಲ್ಲಿ ಡಿಕ್ಷನರಿ ಕಂಪ್ರೆಷನ್ ಅಂತ ಓದಿ ಬೆರಗಾದದ್ದು ಇದನ್ನೇ! ನಮ್ಮ ಅಂಚೆ ತಂತಿ ಇಲಾಖೆಯಲ್ಲೂ ಇತ್ತಲ್ಲ, ಮದುವೆಗೊಂದು ನಂಬರು, ದೀಪಾವಳಿಗೊಂದು ನಂಬರು, ಆ ನಂಬರು ಬರೆದುಕೊಟ್ಟರೆ ಅಲ್ಲಿ ಪೂರ್ತಿ ಶುಭಾಶಯ ಆಗಿ ತಲುಪುತ್ತಿತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು.

ತಂತಿಯಿಂದ ಇಂಟರ್ನೆಟ್ಟಿಗೆ ಬರೋಣ. ವಿಹಾರದ ಹಡಗುಗಳಿಗೆ ಇಂಟರ್ನೆಟ್ ಕೆಫೆ ಬಂದದ್ದು 1999ರ ಸುಮಾರಿಗೆ. ಆಗಿನ ಸಂಪರ್ಕವೆಲ್ಲ ಭೂಸ್ಥಿರ ಉಪಗ್ರಹಗಳ ಮೂಲಕ. ಅಂದರೆ ಸುಮಾರು 36,000 ಕಿಲೋಮೀಟರ್ ಎತ್ತರ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲಿ ಓಡಿದರೂ ಇದಕ್ಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಅದರ ಜೊತೆಗೆ ಎರಡು ಮೂರು ಸಾವಿರ ಜನ ತುಂಬಿದ ಹಡಗಿಗೆ ಒಂದೇ ಸಣ್ಣ ಪೈಪು. ಹಾಗಾಗಿ ನಿಮಿಷಕ್ಕೆ ಇಷ್ಟು ಅಂತ ದರ. 2000ದ ದಶಕದಲ್ಲಿ ಪ್ರಯಾಣಿಕರಿಗೆ ನಿಮಿಷಕ್ಕೆ 75 ಸೆಂಟ್ಸ್ ಅನ್ನೋದು ಮಾಮೂಲಿ ರೇಟು. ಒಂದು ಪೇಜು ತೆರೆಯೋಕೆ ಒಂದು ನಿಮಿಷ ಬೇಕು ಅಂದರೆ ಲೆಕ್ಕ ಹಾಕಿ. ನಿಧಾನ ಆದಷ್ಟೂ ಅವರಿಗೆ ಲಾಭ!

ಇನ್ನು ನಮ್ಮ ಮಾವನ ವಿಷಯ. ಅಮ್ಮನ ತಮ್ಮ, ಕುಂದಾಪುರದ ಹತ್ತಿರದ ಹಳ್ಳಿಯವರು. 2003ರಲ್ಲಿ ಕ್ರೂಸ್ ಹಡಗಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದರು. ಮಯಾಮಿಯಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ಸುತ್ತಿ ವಾರಕ್ಕೊಮ್ಮೆ ವಾಪಸ್ ಬರುವ ಹಡಗು. ಒಂದು ಕಾಂಟ್ರಾಕ್ಟ್ ಅಂದರೆ ಒಂಬತ್ತು ತಿಂಗಳು. ಊರಿನ ಮನೆಯಲ್ಲಿ ಆಗ ಫೋನ್ ಇರಲಿಲ್ಲ, ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಹಾಗಾಗಿ ಮಾವನಿಗೂ ಊರಿಗೂ ಮಧ್ಯೆ ನಮ್ಮನೆಯೇ ಅಂಚೆಕಚೇರಿ.

ಹಡಗಿನ ಕೆಲಸಗಾರರಿಗೆ ಇಂಟರ್ನೆಟ್ ಕಾರ್ಡ್ ಮಾರುತ್ತಿದ್ದರಂತೆ. ಮಾವ ಹೇಳುವ ಪ್ರಕಾರ 10 ಡಾಲರಿಗೆ ನೂರು ನಿಮಿಷದ ಆಸುಪಾಸು. ಆಗ ಡಾಲರಿಗೆ 45 ರೂಪಾಯಿ ಇತ್ತು. ಪ್ರಯಾಣಿಕರಿಗಿಂತ ಅಗ್ಗ ನಿಜ, ಆದರೆ ಊರಿಗೆ ದುಡ್ಡು ಕಳಿಸಬೇಕಾದವನಿಗೆ ಅಗ್ಗ ಅಲ್ಲ. ಅವರ ಪದ್ಧತಿ ಹೀಗಿತ್ತು. ರಾತ್ರಿ ಕ್ಯಾಬಿನ್ನಿನ ಜೊತೆಗಾರನ ಲ್ಯಾಪ್‌ಟಾಪಿನಲ್ಲಿ ನೋಟ್‌ಪ್ಯಾಡ್ ತೆಗೆದು ಕಾಗದ ಬರೆದಿಟ್ಟುಕೊಳ್ಳೋದು. ಕನೆಕ್ಟ್ ಆಗೋದು, ಪೇಸ್ಟ್ ಮಾಡೋದು, ಕಳಿಸೋದು. ಬಂದಿದ್ದ ಮೈಲುಗಳನ್ನು ಓದದೆಯೇ ಒಂದೊಂದಾಗಿ ತೆರೆದು ಸೇವ್ ಮಾಡಿಕೊಳ್ಳೋದು, ಲಾಗೌಟ್ ಆಗೋದು. ಓದೋದು ಆಮೇಲೆ ನಿಧಾನವಾಗಿ. ಲಾಗೌಟ್ ಮರೆತು ಬರೀ ಕಿಟಕಿ ಮುಚ್ಚಿದರೆ ನಿಮಿಷಗಳು ಸುಮ್ಮನೆ ಓಡುತ್ತಲೇ ಇರುತ್ತಿದ್ದವಂತೆ. ಹಾಗೆ ಇಡೀ ಕಾರ್ಡು ಕಳೆದುಕೊಂಡು ಅತ್ತವರನ್ನೂ ನೋಡಿದ್ದೇನೆ ಅಂತಾರೆ ಮಾವ.

ಕನ್ನಡ ಫಾಂಟ್ ಎಲ್ಲಿಂದ ಬರಬೇಕು? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅದೂ ಕುಂದಾಪುರ ಕನ್ನಡ. ಅಪ್ಪ ಆರ್.ಟಿ. ನಗರದ ಸೈಬರ್ ಕೆಫೆಗೆ ಹೋಗಿ, ಗಂಟೆಗೆ 20 ರೂಪಾಯಿ ಕೊಟ್ಟು, ಅದನ್ನು ಪ್ರಿಂಟ್ ತೆಗೆದು ತರುತ್ತಿದ್ದರು. ಅಮ್ಮ ಅದನ್ನು ಕನ್ನಡ ಅಕ್ಷರದಲ್ಲಿ ಇನ್‌ಲ್ಯಾಂಡ್ ಲೆಟರಿಗೆ ಇಳಿಸಿ ಊರಿಗೆ ಪೋಸ್ಟ್ ಮಾಡುತ್ತಿದ್ದಳು. ಉಪಗ್ರಹದಿಂದ ಇಳಿದ ಅಕ್ಷರಗಳು ಕೊನೆಯ ನಾನೂರು ಕಿಲೋಮೀಟರ್ ಅಂಚೆ ಚೀಲದಲ್ಲಿ ಹೋಗುತ್ತಿದ್ದವು.

ಮಯಾಮಿಗೆ ಬಂದ ದಿನ ಎರಡು ರಿಂಗ್. ಎತ್ತಬಾರದು. ಎರಡು ರಿಂಗ್ ಅಂದರೆ "ಆರಾಮಾಗಿದ್ದೇನೆ". ನಿಲ್ಲದೆ ಹೊಡೆದುಕೊಂಡರೆ ಮಾತ್ರ ಎತ್ತಬೇಕು. ಗೊತ್ತಿಲ್ಲದೆ ನಾನು ಓಡಿಹೋಗಿ ಎತ್ತಿಬಿಟ್ಟೇನು ಅಂತ ಅಮ್ಮ ಆ ದಿನ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದಳು. ಕಾಲಿಂಗ್ ಕಾರ್ಡಿನಲ್ಲಿ ಎತ್ತದ ಕರೆಗೆ ದುಡ್ಡು ಹೋಗುತ್ತಿರಲಿಲ್ಲ.

ಇಷ್ಟಕ್ಕೂ ದಡದಲ್ಲಿದ್ದ ನಾವು ಬೇರೆ ಏನು ಮಾಡುತ್ತಿದ್ದೆವು? 1995ರ ಆಗಸ್ಟ್ 15ಕ್ಕೆ ವಿಎಸ್ಎನ್ಎಲ್ ಇಂಟರ್ನೆಟ್ ಶುರುವಾದಾಗ ಚಿತ್ರಗಳು ಕಾಣುವ ಖಾತೆಗೆ 250 ಗಂಟೆಗೆ 15,000 ರೂಪಾಯಿ. ವಿದ್ಯಾರ್ಥಿಗಳಿಗೆ ಬರೀ ಅಕ್ಷರ ಕಾಣುವ ಶೆಲ್ ಅಕೌಂಟು ಅಗ್ಗವಾಗಿ ಸಿಗುತ್ತಿತ್ತು. ಡಯಲಪ್ ಇದ್ದವರೆಲ್ಲ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಮೈಲ್ ಬರೆದಿಟ್ಟು, ಡಯಲ್ ಮಾಡಿ, ಕಳಿಸಿ, ಬಂದಿದ್ದನ್ನು ಎಳೆದುಕೊಂಡು, ಲೈನ್ ಕಡಿದು, ಆಮೇಲೆ ಓದುತ್ತಿದ್ದರು. ಮಾವನ ನೋಟ್‌ಪ್ಯಾಡ್ ವಿದ್ಯೆಯೇ! 2005ರಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಬಂತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲ ಅನ್ನುವ ಪ್ಲಾನು ನೆನಪಿದೆಯಾ? ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಲಿನಕ್ಸ್ ಡೌನ್‌ಲೋಡಿಗೆ ಹಾಕಿ ಮಲಗಿದವರು ಇದನ್ನು ಓದುವವರಲ್ಲೂ ಇದ್ದೀರಿ ಅಂತ ಗೊತ್ತು. 2014ರ ಜನವರಿಯಲ್ಲಿ ಸರ್ಕಾರ "ನಮ್ಮ ವೈಫೈ" ಅಂತ ಶುರು ಮಾಡಿದಾಗ ಎಂ.ಜಿ. ರೋಡಿನ ಜೊತೆಗೆ ನಮ್ಮ ಯಶವಂತಪುರದ ಬಸ್ ನಿಲ್ದಾಣವೂ ಪಟ್ಟಿಯಲ್ಲಿತ್ತು. ದಿನಕ್ಕೆ 50 ಎಂಬಿ ಪುಕ್ಕಟೆ. ಅಷ್ಟಕ್ಕೇ ಬಸ್ಸು ಬಂದರೂ ಹತ್ತದೆ ನಿಂತ ಹುಡುಗರಿದ್ದರು. ಈಗಲೂ ಯಶವಂತಪುರದಿಂದ ಕಾರವಾರದ ರೈಲು ಹತ್ತುವ ಮುಂಚೆ ನಾನು ಎಲ್ಲಾ ಇಳಿಸಿಕೊಂಡೇ ಹತ್ತೋದು. ಸಕಲೇಶಪುರ ದಾಟಿ ಘಾಟಿ ಶುರುವಾದರೆ ಸುಬ್ರಹ್ಮಣ್ಯ ಬರುವವರೆಗೆ ರೈಲೂ ಹಡಗೇ.

ಉಳಿತಾಯಕ್ಕೆ ಇನ್ನೊಂದು ಮುಖವಿದೆ. 2006ರ ಮಳೆಗಾಲದಲ್ಲಿ ಅಜ್ಜನಿಗೆ ಹುಷಾರು ತಪ್ಪಿತು. ಒಂದು ಬುಧವಾರ ಊರಿಂದ ಯಾರೋ ಬೂತಿಗೆ ಬಂದು ಫೋನ್ ಮಾಡಿದರು. ಅಪ್ಪ ತಕ್ಷಣ ಸೈಬರ್ ಕೆಫೆಗೆ ಹೋಗಿ ಮಾವನಿಗೆ ಮೈಲ್ ಹಾಕಿ, ರಾತ್ರಿ ಬಸ್ಸಿಗೆ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಗುರುವಾರ ಮಧ್ಯಾಹ್ನ ಅಜ್ಜ ಹೋದರು. ಕುಂದಾಪುರದಿಂದ ಅಪ್ಪ ಇನ್ನೊಂದು ಮೈಲ್ ಹಾಕಿದರು. ತಿಂಗಳ ಕೊನೆ, ಮಾವನ ಕಾರ್ಡ್ ಮುಗಿದಿತ್ತು. ಮೆಕ್ಸಿಕೋದ ಕೊಸುಮೆಲ್ ಬಂದರಿನಲ್ಲಿ ಒಂದು ಕಾಫಿ ಕೊಂಡರೆ ಪುಕ್ಕಟೆ ವೈಫೈ ಕೊಡುವ ಅಂಗಡಿಯಿತ್ತು. ಒಂದು ಕಾಫಿ, ಆರು ಜನ, ಒಂದು ಲ್ಯಾಪ್‌ಟಾಪ್. ಎರಡು ದಿನದಲ್ಲಿ ಹೇಗೂ ಅಲ್ಲಿಗೆ ಹೋಗ್ತೀವಲ್ಲ ಅಂತ ಅವರು ಹೊಸ ಕಾರ್ಡ್ ಕೊಳ್ಳಲಿಲ್ಲ. ಅಲ್ಲಿ ತೆರೆದಾಗ ಇನ್‌ಬಾಕ್ಸಿನಲ್ಲಿ ಎರಡೂ ಇದ್ದವು. ಹೊಸದು ಮೇಲೆ ಇರುತ್ತಲ್ಲ, ಹಾಗಾಗಿ ತೀರಿಕೊಂಡ ಸುದ್ದಿ ಮೊದಲು, ಹುಷಾರಿಲ್ಲ ಅನ್ನೋದು ಆಮೇಲೆ ಓದಿದರು.

ಬುಧವಾರವೇ ಓದಿದ್ದರೂ ಅಷ್ಟು ದೂರದಿಂದ ಬರೋಕಾಗುತ್ತಿರಲಿಲ್ಲ, ಅದು ಬೇರೆ ಮಾತು. ಫೋನಾದರೂ ಮಾಡಿ ಅಜ್ಜನ ದನಿ ಕೇಳುತ್ತಿದ್ದೆ ಅಂತ ಮಾವ ಇವತ್ತಿಗೂ ಹೇಳ್ತಾರೆ. ಸಂಜೆ ಐದಕ್ಕೆ ಹಡಗು ಹೊರಟಿತು, ಅವರು ಹೋಗಿ ಹದಿನೈದು ಕ್ಯಾಬಿನ್ನುಗಳ ಹಾಸಿಗೆ ಸರಿಮಾಡಿದರಂತೆ.

ಅದಾದ ಮೇಲೆ ಅಪ್ಪ ಮಾವ ಸೇರಿ ಒಂದು ಪದ್ಧತಿ ಮಾಡಿದರು. ಇಡೀ ಸುದ್ದಿ ಸಬ್ಜೆಕ್ಟ್ ಸಾಲಿನಲ್ಲೇ. "ಎಲ್ಲರೂ ಆರಾಮ್, ಅಮ್ಮನ ಬಿಪಿ ಸರಿ, ಗದ್ದೆ ನಾಟಿ ಆಯ್ತು." ಒಳಗೆ ಏನೂ ಇಲ್ಲ. ಮಾವ ದಿನಾ ಒಮ್ಮೆ ಲಾಗಿನ್ ಆಗಿ, ಯಾವ ಮೈಲನ್ನೂ ತೆರೆಯದೆ, ಬರೀ ಪಟ್ಟಿ ನೋಡಿ ಹೊರಬರುತ್ತಿದ್ದರು. ಎರಡೇ ನಿಮಿಷ. ನೂರು ನಿಮಿಷದ ಕಾರ್ಡು ಐವತ್ತು ದಿನ. ಸುತ್ತಿ ಬಳಸಿ ಮತ್ತೆ ತಂತಿಗೇ ಬಂದು ನಿಂತೆವು ನೋಡಿ.

ಆಮೇಲಿನ ಕಥೆ ಬೇಗ ಹೇಳಿಬಿಡುತ್ತೇನೆ. 2014ರಲ್ಲಿ ಒಯಾಸಿಸ್ ಆಫ್ ದ ಸೀಸ್ ಎಂಬ ಹಡಗಿಗೆ ಓ3ಬಿ ಉಪಗ್ರಹಗಳು ಬಂದವು, ಎತ್ತರ ಸುಮಾರು 8,000 ಕಿಲೋಮೀಟರ್. 2022ರಲ್ಲಿ ಅದೇ ಕಂಪನಿ ತನ್ನ ಎಲ್ಲಾ ಹಡಗುಗಳಿಗೆ ಸ್ಟಾರ್‌ಲಿಂಕ್ ಹಾಕಿಸುವುದಾಗಿ ಹೇಳಿತು, ಅದು ಬರೀ 550 ಕಿಲೋಮೀಟರ್ ಮೇಲೆ. ನಿಮಿಷದ ಲೆಕ್ಕ ಹೋಗಿ ದಿನದ ಲೆಕ್ಕ ಬಂತು. ನಮ್ಮ ದೇಶದ ಸಮುದ್ರದಲ್ಲಿ ಹಡಗಿನೊಳಗೆ ಇಂಟರ್ನೆಟ್ ಕೊಡಲು ನಿಯಮ ಬಂದದ್ದು 2018ರ ಡಿಸೆಂಬರಿನಲ್ಲಿ, ಸೇವೆ ಶುರುವಾದದ್ದು 2019ರಲ್ಲಿ.

2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ಕೊರೋನಾದಿಂದ ಯೊಕೊಹಾಮಾದಲ್ಲಿ ನಿಂತಾಗ ಅದರಲ್ಲಿದ್ದ 138 ಭಾರತೀಯರಲ್ಲಿ 132 ಜನ ಕೆಲಸಗಾರರು. ಅವರ ವಿಡಿಯೋಗಳನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಇಂಟರ್ನೆಟ್ ಇಲ್ಲದಿದ್ದರೆ ಆ ಹಡಗಿನೊಳಗೆ ಏನಾಗ್ತಿದೆ ಅಂತ ಊರವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆ ವರ್ಷ ತಿಂಗಳುಗಟ್ಟಲೆ ಹಡಗುಗಳಲ್ಲೇ ಸಿಕ್ಕಿಬಿದ್ದವರ ಕಷ್ಟ ನೋಡಿದ ಮೇಲೆ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2022ರಲ್ಲಿ ತಿದ್ದುಪಡಿಯಾಯಿತು. ಹಡಗಿನ ಕೆಲಸಗಾರರಿಗೆ ಮನೆಯವರ ಜೊತೆ ಸಂಪರ್ಕದ ಸೌಲಭ್ಯ ಇರಬೇಕು, ಇಂಟರ್ನೆಟ್ಟಿಗೆ ದುಡ್ಡು ತೆಗೆದುಕೊಂಡರೂ ಅದು ನ್ಯಾಯವಾಗಿರಬೇಕು ಅಂತ. 2024ರ ಡಿಸೆಂಬರ್ 23ರಿಂದ ಅದು ಜಾರಿಯಲ್ಲಿದೆ. ಭಾರತ 2015ರಲ್ಲೇ ಈ ಒಪ್ಪಂದಕ್ಕೆ ಸೇರಿದೆ. ಎಷ್ಟು ದುಡ್ಡು ನ್ಯಾಯ ಅಂತ ಅದರಲ್ಲಿ ಬರೆದಿಲ್ಲ. ನನ್ನನ್ನು ಕೇಳಿದರೆ ಮನೆಗೆ ಮಾತಾಡೋದಕ್ಕೆ ದುಡ್ಡೇ ತೆಗೆದುಕೊಳ್ಳಬಾರದು, ಆದರೆ ನನ್ನನ್ನು ಕೇಳೋರು ಯಾರು.

ಮಾವ 2019ರಲ್ಲಿ ಕೆಲಸ ಬಿಟ್ಟು ಊರಲ್ಲಿ ಅಂಗಡಿ ಇಟ್ಟರು. ಪಕ್ಕದ ಮನೆಯ ಹುಡುಗ ಈಗ ಹಡಗಿನಲ್ಲಿದ್ದಾನೆ, ದಿನಾ ರಾತ್ರಿ ವಿಡಿಯೋ ಕಾಲ್ ಮಾಡ್ತಾನೆ, ಅವನಮ್ಮ ಸಾರಿಗೆ ಒಗ್ಗರಣೆ ಹಾಕೋದನ್ನೂ ಅಲ್ಲಿಂದಲೇ ನೋಡ್ತಾನಂತೆ. ಮಾವ ಮಾತ್ರ ನನಗೆ ಮೈಲ್ ಹಾಕಿದರೆ ಈಗಲೂ ಎಲ್ಲಾ ಸಬ್ಜೆಕ್ಟಿನಲ್ಲೇ ಬರೀತಾರೆ, ತೆರೆದರೆ ಖಾಲಿ. ನಿಮ್ಮ ಮನೆಗಳಲ್ಲಿ ಎಷ್ಟು ರಿಂಗಿಗೆ ಏನು ಅರ್ಥ ಇತ್ತು? ನೆನಪಿದ್ದರೆ ಬರೀರಿ, ಒಂದು ಪಟ್ಟಿ ಮಾಡೋಣ.